ಕೌರವನ ಅರ್ಥ ಹೇಳುವವರು ಯಾರು?

ಕೇಳುಗರಿಗೆ ನಮಸ್ಕಾರ.

ಬದಿಯಡ್ಕ, ಪೆರ್ಲ ಕಡೆಯ ಕೃಷಿಕರಿಗೆ 2003ರ ಆಚೀಚೆಯ ವೆನಿಲ್ಲಾ ಕಾಲ ನೆನಪಿರಬಹುದು. ಹಸಿ ಕೋಡಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ರೇಟು. ಕಳ್ಳರ ಭಯಕ್ಕೆ ರಾತ್ರಿ ಟಾರ್ಚು ಹಿಡಿದು ತೋಟ ಕಾಯುತ್ತಿದ್ದೆವು. ಆಗ ನಾನು ಊರಿನ ಒಂದು ಸಣ್ಣ ಸಹಕಾರಿ ಸಂಘದಲ್ಲಿ ನಿರ್ದೇಶಕ. ವೆನಿಲ್ಲಾ ಸಂಸ್ಕರಣೆಗೆ ಶೆಡ್ಡು ಕಟ್ಟಬೇಕೋ ಬೇಡವೋ ಎಂದು ಸಭೆ ಕರೆದರು. ಚಹಾ ಬರುವ ಮೊದಲೇ ಅಧ್ಯಕ್ಷರು, "ಮುಂದಿನ ವರ್ಷ ಮೂರು ಸಾವಿರಕ್ಕೆ ಕಮ್ಮಿ ಆಗುವುದುಂಟಾ?" ಎಂದರು. ಮತ್ತೆ ಒಬ್ಬರು ಎರಡೂವರೆ ಎಂದರು, ಇನ್ನೊಬ್ಬರು ಮೂರೂವರೆ ಎಂದರು. ಮುನ್ನೂರಕ್ಕೆ ಇಳಿದರೆ ಏನು ಗತಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಕಿವಿಗೆ ಬಿದ್ದ ಸಂಖ್ಯೆಗೆ ಮನಸ್ಸು ಹೀಗೆ ಲಂಗರು ಹಾಕಿಬಿಡುತ್ತದೆ. ದೋಣಿ ಅತ್ತಿತ್ತ ಅಲುಗಾಡಬಹುದು, ಹಗ್ಗದ ಉದ್ದ ಮೀರಿ ಹೋಗುವುದಿಲ್ಲ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ತಮಾಷೆಯ ಪ್ರಯೋಗ ಉಂಟು. ಜಾತ್ರೆಯಲ್ಲಿರುವಂಥ ಒಂದು ಚಕ್ರ ತಿರುಗಿಸಿ, ಬಂದ ಸಂಖ್ಯೆ ತೋರಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ನೋಡಿದವರ ಉತ್ತರ 25ರ ಸುತ್ತ, 65 ನೋಡಿದವರದ್ದು 45ರ ಸುತ್ತ. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ! ಕಾನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು.

ನಮ್ಮ ರೇಟಿನ ಹಿಂದೆ ಇದ್ದದ್ದು ಮಡಗಾಸ್ಕರ್. 2000ದಲ್ಲಿ ಅಲ್ಲಿಗೆ ಚಂಡಮಾರುತ ಬಡಿದು ಬೆಳೆ ಹಾಳಾಗಿತ್ತು. ವೆನಿಲ್ಲಾ ಬಳ್ಳಿ ನೆಟ್ಟರೆ ಫಲಕ್ಕೆ ಮೂರು ವರ್ಷ ಬೇಕು. ಅವರೂ ಮತ್ತೆ ನೆಟ್ಟಿರುತ್ತಾರೆ, ಅದಕ್ಕೂ ಫಲ ಬರುತ್ತದೆ ಎಂಬ ಲೆಕ್ಕ ಎರಡನೇ ಕ್ಲಾಸಿನ ಮಗುವೂ ಮಾಡಬಹುದಿತ್ತು. ನಮ್ಮ ಗೋಡೆ ಎದೆಮಟ್ಟಕ್ಕೆ ಏರುವಾಗ ರೇಟು ಕುಸಿಯಿತು. ಆಮೇಲೆ ಕೋಡನ್ನು ಕೇಳುವವರೇ ಇಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. "ಇಷ್ಟು ಹಾಕಿ ಆಯಿತಲ್ಲ ಮಾರಾಯ್ರೇ, ಹೇಗೆ ಬಿಡುವುದು?" ಎಂದು ಮಾಡನ್ನೂ ಹಾಕಿಸಿದೆವು. ಹೋದ ಹಣ ಹೋಯಿತು, ಇನ್ನು ಹಾಕುವ ಹಣಕ್ಕೆ ಏನು ಬರುತ್ತದೆ ಎಂದಷ್ಟೇ ನೋಡಬೇಕು. ಬಾಯಲ್ಲಿ ಹೇಳುವುದು ಸುಲಭ. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು ಎಂದು ಅದೇ ಜೋಡಿ ಅಂದಾಜು ಮಾಡಿತ್ತು. ಕಾಂಕಾರ್ಡ್ ವಿಮಾನದ ಖರ್ಚು ಎಂದೂ ಹುಟ್ಟುವುದಿಲ್ಲ ಎಂದು ಗೊತ್ತಾದ ಮೇಲೂ ಬ್ರಿಟನ್, ಫ್ರಾನ್ಸ್ ಸರಕಾರಗಳು ಹಣ ಸುರಿದದ್ದು ಇದೇ ರೋಗದಿಂದ. ದೊಡ್ಡವರ ಕತೆ ಕೇಳಿದರೆ ನಮಗೆ ಸ್ವಲ್ಪ ಸಮಾಧಾನ, ಅಷ್ಟೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಸಭೆ ಮುಗಿದು ಹೋಟೆಲಿನಲ್ಲಿ ಕೂತಾಗ ನಮ್ಮ ಕಿರಿಯ ನಿರ್ದೇಶಕ, "ನನಗೆ ಮೊದಲೇ ಸಂಶಯ ಇತ್ತು ಅಣ್ಣ. ಆದರೆ ಮಾಷ್ಟ್ರ ಎದುರು ಹೇಗೆ ಹೇಳುವುದು?" ಎಂದ. ಅಧ್ಯಕ್ಷರು ಅವನಿಗೆ ಶಾಲೆಯಲ್ಲಿ ಪಾಠ ಹೇಳಿದವರು. 1961ರಲ್ಲಿ ಅಮೆರಿಕದ ಅಧ್ಯಕ್ಷರ ಕೋಣೆಯಲ್ಲೂ ಹೀಗೇ ಆಗಿತ್ತು. ಕ್ಯೂಬಾದ ಮೇಲಿನ ದಾಳಿಯ ಬಗ್ಗೆ ಅನುಮಾನ ಇದ್ದವರು ಸುಮ್ಮನಿದ್ದರು. ಈ ಗುಂಪು ಮೌನವನ್ನು ಮನೋವಿಜ್ಞಾನಿ ಇರ್ವಿಂಗ್ ಜಾನಿಸ್ 1972ರಲ್ಲಿ ಪುಸ್ತಕವಾಗಿ ಬರೆದರು.

ನಮ್ಮಲ್ಲಿ ತಾಳಮದ್ದಳೆ ಉಂಟಲ್ಲ, ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ಯಕ್ಷಗಾನ. ಆ ಮಾತಿಗೇ ಅರ್ಥ ಎನ್ನುವುದು. ಕೃಷ್ಣಸಂಧಾನದಲ್ಲಿ ಕೌರವನ ಅರ್ಥ ಹೇಳುವವರು ಕೃಷ್ಣನಿಗೆ ರಿಯಾಯಿತಿ ಕೊಡುತ್ತಾರಾ? ಗಂಟಲು ಹರಿಯುವಷ್ಟು ವಾದಿಸಿ, ಮಂಗಳ ಆದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಸಂಘದ ಸಭೆಯಲ್ಲಿ ಮಾತ್ರ ಎದುರು ಮಾತಾಡಿದವನು ಒಂದು ವರ್ಷ ಶತ್ರು.

ತೆಂಗಿನೆಣ್ಣೆ ಮಿಲ್ಲಿನ ವಿಷಯ ಬಂದಾಗ ನಾವು ತಾಳಮದ್ದಳೆಯ ಕ್ರಮವನ್ನೇ ಸಭೆಗೆ ತಂದೆವು. ಮೊದಲು ಎಲ್ಲರೂ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದರು, ಆಮೇಲೆ ಬಾಯಿ ತೆರೆದದ್ದು. ಒಬ್ಬರಿಗೆ ಕೌರವನ ಪಾತ್ರ. ಅವರು ಮೊದಲು ನಕ್ಕರು. ನಂತರ ಕರೆಂಟು ಬಿಲ್ಲು, ಕೊಬ್ಬರಿ ಒಣಗದ ಮಳೆಗಾಲದ ನಾಲ್ಕು ತಿಂಗಳು ಎಲ್ಲವನ್ನೂ ಎಳೆದು ತಂದರು. ಪಾತ್ರ ಹಂಚಿ ಮಾಡಿಸಿದ ವಿರೋಧಕ್ಕಿಂತ ನಿಜವಾಗಿ ಒಪ್ಪದವರ ವಿರೋಧವೇ ಉಳಿದವರನ್ನು ಹೆಚ್ಚು ಯೋಚಿಸುವಂತೆ ಮಾಡುತ್ತದೆ ಎಂದು ಚಾರ್ಲನ್ ನೆಮೆತ್ ಎಂಬವರ ಸಂಶೋಧನೆ ಹೇಳುತ್ತದೆ. ಇರಬಹುದು. ಆದರೆ ಒಳ್ಳೆಯ ಅರ್ಥಧಾರಿ ಅರ್ಧ ಗಂಟೆಯಲ್ಲಿ ಕೌರವನೇ ಆಗಿಬಿಡುತ್ತಾನೆ, ಅದನ್ನು ನಾನು ಕಣ್ಣಾರೆ ಕಂಡೆ. ಪಾತ್ರ ಮಾತ್ರ ಪ್ರತಿ ಸಲ ಬದಲಾಗಬೇಕು. ಒಬ್ಬರೇ ಆದರೆ "ಅವರದ್ದು ಇದ್ದದ್ದೇ" ಎಂದು ಉಳಿದವರು ಮೊಬೈಲು ನೋಡುತ್ತಾರೆ.

ಅಂದು ಹೋಟೆಲಿನಲ್ಲಿ ಮಾತಾಡಿದ ಆ ಹುಡುಗನೇ ಈಗ ಸಂಘದ ಅಧ್ಯಕ್ಷ. ಸಭೆಯಲ್ಲಿ ಎಲ್ಲರದ್ದೂ ಮುಗಿದ ಮೇಲೆಯೇ ಅವನು ತನ್ನ ಚೀಟಿ ಬಿಡಿಸುವುದು. ವೆನಿಲ್ಲಾ ಶೆಡ್ಡಿನಲ್ಲಿ ಸಂಘದ ಪ್ಲಾಸ್ಟಿಕ್ ಕುರ್ಚಿಗಳಿವೆ, ಮದುವೆಗಳಿಗೆ ಬಾಡಿಗೆಗೆ ಹೋಗುತ್ತವೆ. ನಮಸ್ಕಾರ.