ಸುತ್ತು ಟ್ಯುಲಿಪ್: ಎರಡನೆಯ ವರ್ಷದ ಹೂವಿಗಾಗಿ

(ದೃಶ್ಯ: ಅಡುಗೆಮನೆಯ ಮಣೆಯ ಮೇಲೆ ಉದ್ದಕ್ಕೆ ಸೀಳಿದ ಗಡ್ಡೆ, ಬಹಳ ಹತ್ತಿರದಿಂದ.)

ನಮಸ್ಕಾರ. ಈರುಳ್ಳಿಯನ್ನು ಸೀಳಿದಂತೆ ಕಾಣುತ್ತಿದೆ, ಅಲ್ಲವೇ? ಇದು ಟ್ಯುಲಿಪ್ ಗಡ್ಡೆ. ನಿಮಗೆ ತೋರಿಸಲೆಂದೇ ಒಂದನ್ನು ಸೀಳಿದ್ದೇನೆ. ಪದರಗಳ ನಡುವೆ ಇರುವ ಈ ಪುಟ್ಟ ಮೊಳಕೆಯನ್ನು ನೋಡಿ. ಇದರೊಳಗೆ ಎಸಳು, ಕೇಸರ ಎಲ್ಲವೂ ಆಗಲೇ ಮೂಡಿವೆ. ಬೇಸಿಗೆಯಲ್ಲಿ ಗಡ್ಡೆ ಒಣಗಿ ಗೋದಾಮಿನಲ್ಲಿ ಮಲಗಿದ್ದಾಗಲೇ ಹೂವು ರೂಪುಗೊಂಡಿರುತ್ತದೆ. ಹಾಗಾಗಿ ಮೊದಲ ವರ್ಷ ನಿಮ್ಮ ಹಿತ್ತಿಲಿನಲ್ಲಿ ಅರಳುವುದು ಗಡ್ಡೆ ಬೆಳೆದ ರೈತನ ದುಡಿಮೆ. ನಿಮ್ಮ ದುಡಿಮೆ ಕಾಣುವುದು ಎರಡನೆಯ ವರ್ಷ.

(ದೃಶ್ಯ: ಮೇ ತಿಂಗಳ ಹಿತ್ತಿಲು, ತಿಳಿ ಗುಲಾಬಿ ಬಣ್ಣದ ಹೂವುಗಳು.)

ನೆದರ್ಲೆಂಡ್ಸ್‌ನ ನಮ್ಮ ಮನೆಯಲ್ಲಿ ನಾನು ಬೆಳೆಸುವುದು ‘ಡಬಲ್ ಲೇಟ್’ ಬಗೆಯ ಟ್ಯುಲಿಪ್. ಸಾಮಾನ್ಯ ಟ್ಯುಲಿಪ್‌ಗೆ ಆರೇ ಎಸಳು. ಇದಾದರೋ ಏಳು ಸುತ್ತಿನ ಮಲ್ಲಿಗೆಯ ಹಾಗೆ, ಸುತ್ತಿನೊಳಗೆ ಸುತ್ತು. ಉಳಿದ ಟ್ಯುಲಿಪ್‌ಗಳ ಸಡಗರ ಮುಗಿಯುತ್ತಾ ಬಂದಾಗ ಇದು ಅರಳುತ್ತದೆ. ಬಿಳಿ ಬೇಕಾದರೆ ‘ಮೌಂಟ್ ಟಕೋಮ’, ಕಪ್ಪಿಗೆ ಹತ್ತಿರದ ಕಡುಗೆಂಪು ಬೇಕಾದರೆ ‘ಬ್ಲ್ಯಾಕ್ ಹೀರೋ’ ಇದೆ. ಮೊದಲ ಸಲ ನೆಡುವವರಿಗೆ ನಾನು ಹೇಳುವುದು ‘ಆಂಜೆಲಿಕ್’. ಒಂದೇ ಹೂವಿನಲ್ಲಿ ಗುಲಾಬಿ ಬಣ್ಣದ ನಾಲ್ಕಾರು ಛಾಯೆಗಳನ್ನು ಕಾಣಬಹುದು.

(ದೃಶ್ಯ: ನವೆಂಬರ್, ಗುಣಿ ತೋಡುವ ಕೈಗಳು.)

ಅಂಗಡಿಗಳಲ್ಲಿ ಸೆಪ್ಟೆಂಬರ್‌ನಿಂದಲೇ ಗಡ್ಡೆ ಸಿಗುತ್ತದೆ, ಆದರೆ ನೆಡಲು ನವೆಂಬರ್‌ವರೆಗೆ ಕಾಯಿರಿ. ಮಣ್ಣು ತಣ್ಣಗಾದ ಮೇಲೆ ನೆಟ್ಟರೆ, ಎಲೆಗಳನ್ನು ಸುಟ್ಟಂತೆ ಮುರುಟಿಸುವ ‘ಟ್ಯುಲಿಪ್ ಫೈರ್’ ಎಂಬ ಶಿಲೀಂಧ್ರ ರೋಗದ ಕಾಟ ಕಡಿಮೆ. ಸುತ್ತಳತೆ 12 ಸೆಂ.ಮೀ.ಗಿಂತ ಹೆಚ್ಚಿರುವ, ಒತ್ತಿದರೆ ಗಟ್ಟಿಯಾಗಿರುವ ಗಡ್ಡೆಗಳನ್ನೇ ಆರಿಸಿ. ಮೊನೆ ಮೇಲಕ್ಕಿರುವಂತೆ, 15ರಿಂದ 20 ಸೆಂ.ಮೀ. ಆಳಕ್ಕೆ ನೆಡಿ. ನೀರು ನಿಲ್ಲುವ ಜಾಗವಾದರೆ ಗಡ್ಡೆ ಕೊಳೆಯುತ್ತದೆ. ಅಂಟು ಮಣ್ಣಿಗೆ ದಪ್ಪ ಮರಳು ಬೆರೆಸಿ.

ಜಾಗದ ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಈ ಹೂವು ಭಾರ. ಮಳೆ ಬಂದರೆ ಎಸಳುಗಳ ನಡುವೆ ನೀರು ತುಂಬಿ ಇನ್ನಷ್ಟು ಭಾರವಾಗುತ್ತದೆ. ಮೊದಲ ವರ್ಷ ನಾನು ಬಯಲಿನಲ್ಲಿ, ಸಾಲಾಗಿ ನೆಟ್ಟಿದ್ದೆ. ಒಂದೇ ರಾತ್ರಿಯ ಗಾಳಿಮಳೆಗೆ ಎಲ್ಲವೂ ನೆಲ ಹಿಡಿದವು. ಬೆಳಿಗ್ಗೆ ಕಿಟಕಿ ತೆರೆದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಈಗ ಬಿಸಿಲು ಬೀಳುವ ಬೇಲಿಯ ಮಗ್ಗುಲಲ್ಲಿ, ಒಂದಕ್ಕೊಂದು ಆಸರೆಯಾಗುವಂತೆ, ಗುಂಪಾಗಿ ನೆಡುತ್ತೇನೆ.

ಬೆಂಗಳೂರಿನಲ್ಲಿ ಬೆಳೆಯಬಹುದೇ ಎಂದು ಊರಿನವರು ಕೇಳುತ್ತಾರೆ. ದಂಟು ಮೇಲೇಳಬೇಕಾದರೆ ಗಡ್ಡೆಗೆ ಸುಮಾರು 12ರಿಂದ 16 ವಾರಗಳ ಚಳಿ ಬೇಕು, ಅದೂ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು ಆ ಚಳಿಯನ್ನು ಕೊಡಬಹುದು. ಜೊತೆಯಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಇಷ್ಟು ಮಾಡಿದರೂ ಸಿಗುವುದು ಒಂದು ವರ್ಷದ ಹೂವು ಮಾತ್ರ. ಊರಿನ ಹಿತ್ತಿಲಿಗೆ ಸುತ್ತು ಸುಗಂಧರಾಜವೇ ಸರಿ, ಅದೂ ಗಡ್ಡೆಯಿಂದಲೇ ಬರುತ್ತದೆ, ಘಮವೂ ಇದೆ.

(ದೃಶ್ಯ: ಎಸಳು ಉದುರಿದ ಗಿಡಗಳು, ಹಳದಿಗೆ ತಿರುಗುತ್ತಿರುವ ಎಲೆಗಳು.)

ಇನ್ನು ಹೆಚ್ಚಿನವರು ತಪ್ಪುವ ಜಾಗ. ಹೂವು ಬಾಡಿದ ಕೂಡಲೇ ತುದಿಯನ್ನಷ್ಟೇ ಚಿವುಟಿ, ಬೀಜ ಕಟ್ಟಲು ಬಿಡಬೇಡಿ. ಇಲ್ಲಿನ ರೈತರು ಹೊಲದಲ್ಲಿ ಹೂವು ಅರಳಿದ ಮೇಲೆ ಯಂತ್ರದಿಂದ ತಲೆ ಕತ್ತರಿಸಿಬಿಡುತ್ತಾರೆ. ಮೊದಲ ಸಲ ಕಂಡಾಗ ನನಗೆ ಅಳುವೇ ಬಂದಿತ್ತು. ಆದರೆ ಅವರು ಬೆಳೆಯುತ್ತಿರುವುದು ಗಡ್ಡೆಯನ್ನು. ನೀವು ನೆಟ್ಟ ತಾಯಿಗಡ್ಡೆ ಹೂವು ಕೊಟ್ಟು ಕರಗಿಹೋಗುತ್ತದೆ. ಅದರ ಜಾಗದಲ್ಲಿ ಮರಿಗಡ್ಡೆಗಳು ಹುಟ್ಟುತ್ತವೆ. ಅವುಗಳಿಗೆ ಊಟ ಹೋಗುವುದು ಎಲೆಗಳಿಂದ. ಎಲೆ ತಾನಾಗಿ ಹಳದಿಯಾಗುವವರೆಗೆ, ಅಂದರೆ ಸುಮಾರು ಆರು ವಾರ, ಅಂದ ಕೆಟ್ಟಿತೆಂದು ಕತ್ತರಿಸಬೇಡಿ, ಜಡೆ ಹೆಣೆದು ಕಟ್ಟಲೂಬೇಡಿ.

(ದೃಶ್ಯ: ಜೂನ್ ಕೊನೆ, ಬುಟ್ಟಿಯಲ್ಲಿ ಕಿತ್ತ ಗಡ್ಡೆಗಳು.)

ಎಲೆ ಒಣಗಿದ ಮೇಲೆ ಕಿತ್ತು, ಮಣ್ಣು ಉದುರಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ಹರಡಿ. ನವೆಂಬರ್ ಬಂದಾಗ ದಪ್ಪನೆಯವು ಹೂವಿನ ಪಾತಿಗೆ, ಸಣ್ಣವು ತರಕಾರಿ ಮಡಿಯ ಅಂಚಿಗೆ. ಸಣ್ಣ ಗಡ್ಡೆ ಮುಂದಿನ ವಸಂತದಲ್ಲಿ ಬರೀ ಒಂದು ಎಲೆ ಬಿಡುತ್ತದೆ. ಆ ಎಲೆಯನ್ನೂ ಕತ್ತರಿಸಬೇಡಿ.