ನಂದಿಬೆಟ್ಟಕ್ಕೆ ಬಂದವರು, ಸೇನೆ ಕಳಿಸಿದವರು

ಚಿಕ್ಕಬಳ್ಳಾಪುರ ಸೀಮೆಯ ಕೇಳುಗರಿಗೆ ನಮಸ್ಕಾರ.

ನಂದಿಬೆಟ್ಟ ಅಂದರೆ ಈಗ ಭಾನುವಾರದ ಬೈಕು, ಮಂಜು, ಸೆಲ್ಫಿ, ಅಲ್ವಾ? 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆ ನಡೆದಾಗ ನಾಯಕರು ಬಿಡುವಾಗಿ ಮಾತಾಡಲು ಈ ಬೆಟ್ಟಕ್ಕೇ ಬಂದಿದ್ದರು. ಆಗ ನಂದಿ ಇನ್ನೂ ಕೋಲಾರ ಜಿಲ್ಲೆಗೆ ಸೇರಿತ್ತು. ಕರೆದವರು ಆಗಿನ ಪ್ರಧಾನಿ ರಾಜೀವ್ ಗಾಂಧಿ. ಅತಿಥಿಗಳಲ್ಲಿ ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಮಾಲ್ಡೀವ್ಸ್‌ನ ಅಧ್ಯಕ್ಷ ಗಯೂಮ್ ಇದ್ದರು. ಮುಂದಿನ ಎರಡು ವರ್ಷದಲ್ಲಿ ಈ ಇಬ್ಬರ ದೇಶಕ್ಕೂ ನಮ್ಮ ಸೇನೆ ಹೋಯಿತು.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಲಂಕೆಯ ಸರ್ಕಾರದ ವಿರುದ್ಧ ಕಾದಾಡುತ್ತಿದ್ದ ತಮಿಳು ಹೋರಾಟಗಾರರು ಆಯುಧ ಒಪ್ಪಿಸಬೇಕು, ನಮ್ಮ ಶಾಂತಿಪಾಲನಾ ಪಡೆ ಕಾವಲಿರಬೇಕು. ಮರುದಿನವೇ ಗೌರವ ವಂದನೆಯಲ್ಲಿ ಅಲ್ಲಿನ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವರ ಮೇಲೆ ಕೈ ಮಾಡಿದ. ಅಕ್ಟೋಬರ್ ಹೊತ್ತಿಗೆ ಆ ಹೋರಾಟಗಾರರ ಮುಖ್ಯ ಗುಂಪಾದ ಎಲ್‌ಟಿಟಿಇ ಜೊತೆಗೇ ನಮ್ಮ ಪಡೆಯ ಯುದ್ಧ. ನಮ್ಮ ಸುಮಾರು 1,200 ಯೋಧರು ಜೀವ ಬಿಟ್ಟರು. ಜಯವರ್ಧನೆ ನಂತರ ಬಂದ ಪ್ರೇಮದಾಸ "ಹೊರಡಿ" ಅಂದರು. ವಿ.ಪಿ. ಸಿಂಗ್ ಸರ್ಕಾರ 1990ರ ಮಾರ್ಚಿನಲ್ಲಿ ಕೊನೆಯ ತುಕಡಿಯನ್ನು ಕರೆಸಿಕೊಂಡಿತು. ಅಷ್ಟೊತ್ತಿಗೆ ಸಹಿ ಹಾಕಿದ ಇಬ್ಬರೂ ಕುರ್ಚಿ ಬಿಟ್ಟಿದ್ದರು.

ಮಾಲ್ಡೀವ್ಸ್‌ಗೆ ಸೇನೆ ಕಳಿಸಿದವರೂ ಅದೇ ರಾಜೀವ್. 1988ರ ನವೆಂಬರ್ 3ರಂದು ಬಾಡಿಗೆ ಬಂದೂಕುಗಾರರು ರಾಜಧಾನಿ ಮಾಲೆಗೆ ನುಗ್ಗಿದರು. ಗಯೂಮ್ ಸರ್ಕಾರ ನೆರವು ಕೇಳಿತು. ಆ ರಾತ್ರಿಯೇ ಆಗ್ರಾದಿಂದ ಹೊರಟ ಪ್ಯಾರಾ ಸೈನಿಕರು ಮಾಲೆ ಪಕ್ಕದ ವಿಮಾನ ನಿಲ್ದಾಣದ ದ್ವೀಪ ಹುಲುಲೆಯಲ್ಲಿ ಇಳಿದರು. ಬೆಳಗಾಗುವುದರೊಳಗೆ ಅಧ್ಯಕ್ಷರು ಸುರಕ್ಷಿತ! ಕೆಲಸ ಚಿಕ್ಕದು, ಎಲ್ಲಿಗೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಿತ್ತು. ಲಂಕೆಯಲ್ಲಿ ಅದೇ ಗೊತ್ತಿರಲಿಲ್ಲ.

ಬೇಡ ಅನ್ನುವುದಕ್ಕೂ ನಾಯಕ ಬೇಕು. ತಾನು ದಾಳಿ ಮಾಡಿ ಹಿಡಿದಿದ್ದ ಇರಾಕಿಗೆ ಸೈನಿಕರನ್ನು ಕಳಿಸಿ ಅಂತ ಅಮೆರಿಕ ನಮ್ಮನ್ನು ಕೇಳಿತ್ತು. ಕಳಿಸೋಣ ಅನ್ನುವವರು ಸರ್ಕಾರದೊಳಗೇ ಇದ್ದರು. 2003ರ ಜುಲೈ 14ರಂದು ವಾಜಪೇಯಿ ನೇತೃತ್ವದ ಭದ್ರತಾ ಸಂಪುಟ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಅಂದಿತು. ಹೋಗದ ಯುದ್ಧಕ್ಕೆ ಯಾರೂ ಹಾರ ಹಾಕುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಮೂರರಲ್ಲಿ ಅದೇ ದೊಡ್ಡ ತೀರ್ಮಾನ.

ಬ್ರಿಟನ್ನಿನಲ್ಲಿ 2013ರಲ್ಲಿ ಪ್ರಧಾನಿ ಕ್ಯಾಮರೂನ್ ಸಿರಿಯಾ ಮೇಲಿನ ದಾಳಿಗೆ ಸಂಸತ್ತಿನ ಒಪ್ಪಿಗೆ ಕೇಳಿ 285–272 ಮತಗಳಿಂದ ಸೋತರು, ಸುಮ್ಮನಾದರು. ನಮ್ಮಲ್ಲಿ ಅಂಥ ಮತದ ಕಟ್ಟುಪಾಡು ಇಲ್ಲ. ಸೇನೆ ಕಳಿಸುವ ಮೊದಲು ಸಂಸದರು ಹೌದೋ ಅಲ್ಲವೋ ಹೇಳಲಿ ಅನ್ನುವುದು ನನ್ನ ಮಾತು. ಮಾಲ್ಡೀವ್ಸ್‌ನಂಥ ತುರ್ತಿಗೆ ಅಷ್ಟು ಪುರುಸೊತ್ತು ಸಿಗುವುದಿಲ್ಲ, ನಿಜ. ಆಗ ಸೇನೆ ಹೋದ ಮೇಲಾದರೂ ಗಡುವು ಇಟ್ಟು ಮತ ಹಾಕಲಿ. ಸಂಸತ್ತಿನ ಒಪ್ಪಿಗೆ ಇಲ್ಲದೆ ಸೇನೆ ಯುದ್ಧದಲ್ಲಿ ಇರಲು ಅಮೆರಿಕ 1973ರಲ್ಲೇ 60 ದಿನಗಳ ಗಡುವಿನ ಕಾನೂನು ಮಾಡಿತು. ಅಲ್ಲಿನ ಅಧ್ಯಕ್ಷರು ಅದಕ್ಕೆ ಎಷ್ಟು ಬೆಲೆ ಕೊಟ್ಟರು ಅನ್ನುವುದು ಬೇರೆ ಮಾತು, ಬಿಡಿ.