ಗೋಲ್ಡನ್ ರಿಟ್ರೀವರ್‌ಗೆ ಜಗಲಿಯಲ್ಲಿ ಜಾಗ ಕೊಡಿ

ನಮಸ್ಕಾರ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಮುಳ್ಳೇರಿಯದ ಕಡೆಯ ಹೊಸ ಮನೆಗಳನ್ನು ನೀವು ನೋಡಿರಬಹುದು. ಎತ್ತರದ ಆವರಣ ಗೋಡೆ, ಇಂಟರ್‌ಲಾಕ್ ಹಾಸಿದ ಅಂಗಳ, ಗೇಟಿನ ಬದಿಯಲ್ಲಿ ಕಬ್ಬಿಣದ ಸರಳುಗಳ ಒಂದು ಗೂಡು. ಆ ಗೂಡುಗಳೊಳಗೆ ಈಚೆಗೆ ಗೋಲ್ಡನ್ ರಿಟ್ರೀವರ್ ನಾಯಿಗಳು ಕಾಣಿಸುತ್ತಿವೆ. ದಾರಿಯಲ್ಲಿ ಯಾರೇ ಹೋಗಲಿ, ಸರಳಿಗೆ ಮೂಗು ಒತ್ತಿ ಬಾಲ ಬೀಸುತ್ತ ನಿಲ್ಲುತ್ತವೆ. ‘ಇಷ್ಟು ದುಡ್ಡು ಕೊಟ್ಟು ತಂದೆವು, ಬೊಗಳುವುದೇ ಇಲ್ಲ’ ಎಂದು ಮನೆಯವರು ದೂರುತ್ತಾರೆ. ನನಗೆ ಆ ದೂರು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಗೂಡಿನಲ್ಲಿ ಇಡುವುದಾದರೆ ಈ ತಳಿಯನ್ನು ತರಲೇಬೇಡಿ. ತಂದಿರಾದರೆ ಜಗಲಿ ಹತ್ತಲು ಬಿಡಿ, ಮನೆಯವರ ಕಾಲ ಬುಡದಲ್ಲಿ ಮಲಗಲು ಬಿಡಿ. ಇಷ್ಟು ಹೇಳಲಿಕ್ಕೆಂದೇ ಇವತ್ತು ಕುಳಿತಿದ್ದೇನೆ.

ನಮ್ಮ ಮನೆಯಲ್ಲಿರುವವಳ ಹೆಸರು ಸಂಪಿಗೆ. ಬರಿಬಾಯಲ್ಲಿ ಅವಳು ಯಾರನ್ನೂ ಎದುರುಗೊಳ್ಳುವುದಿಲ್ಲ. ತಿರುವಿನಲ್ಲಿ ಜೀಪಿನ ಸದ್ದು ಕೇಳಿದ್ದೇ ತಡ, ಎದ್ದು ಜಗಲಿಯ ತುಂಬಾ ಹುಡುಕಾಟ ಶುರು. ಬಂದವರಿಗೆ ತೋರಿಸಲು ಬಾಯಲ್ಲಿ ಏನಾದರೂ ಇರಬೇಕು. ತೂಗುಹಾಕಿದ ಬೈರಾಸು (ಟವೆಲು) ಆದೀತು, ಒಂಟಿ ಚಪ್ಪಲಿ ಆದೀತು, ಹಿಡಿಸೂಡಿ (ಪೊರಕೆ) ಸಿಕ್ಕಿದರಂತೂ ಹಬ್ಬವೇ. ಅದನ್ನು ಕಚ್ಚಿಕೊಂಡು, ಸೊಂಟದಿಂದ ಹಿಂದಿನ ಅರ್ಧ ದೇಹವನ್ನೇ ಅಲ್ಲಾಡಿಸುತ್ತ, ಗಂಟಲಿನೊಳಗೆ ಹಾಡಿನಂಥ ಒಂದು ಸದ್ದು ಹೊರಡಿಸುತ್ತ ಬಂದವರ ಸುತ್ತ ತಿರುಗುತ್ತಾಳೆ. ಕೈಗೆ ಕೊಟ್ಟುಬಿಡುವ ಆತುರವೇನೂ ಇಲ್ಲ. ಮೊದಲು ಎಲ್ಲರೂ ನೋಡಬೇಕು, ಹೊಗಳಬೇಕು.

ಅಡಿಕೆ ಕೊಯ್ಯಲು ಬರುವವರು ತಲೆಯಿಂದ ತೆಗೆದು ಜಗಲಿಯ ಅಂಚಿನಲ್ಲಿಡುವ ಮುಟ್ಟಾಳೆ ಅವಳಿಗೆ ಬಹಳ ಪ್ರಿಯ. ಅಡಿಕೆ ಹಾಳೆಯ ಟೊಪ್ಪಿಯಲ್ಲವೇ, ಒಣಗಿದ್ದರೆ ಸ್ವಲ್ಪ ಬಿಗಿಯಾಗಿ ಕಚ್ಚಿದರೂ ಸೀಳಿಹೋಗುತ್ತದೆ. ಆದರೆ ಅವಳು ಅಂಗಳವಿಡೀ ಹೊತ್ತು ತಿರುಗಿಸಿ ತಂದ ಮುಟ್ಟಾಳೆಯಲ್ಲಿ ಒಂದು ಹಲ್ಲಿನ ಗುರುತನ್ನೂ ನಾನು ಕಂಡಿಲ್ಲ. ಜೊಲ್ಲು ಮಾತ್ರ ಧಾರಾಳ.

ಇದು ತುಂಟತನ ಎಂದು ಗದರಿಸುವವರು ಈ ತಳಿಯ ಹುಟ್ಟನ್ನು ತಿಳಿಯಬೇಕು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಡಡ್ಲಿ ಮಾರ್ಜೊರಿಬ್ಯಾಂಕ್ಸ್ ಎಂಬ ಜಮೀನುದಾರರಿದ್ದರು, ಮುಂದೆ ಲಾರ್ಡ್ ಟ್ವೀಡ್‌ಮೌತ್ ಎನಿಸಿದವರು. 1868ರಲ್ಲಿ ಅವರ ಎಸ್ಟೇಟಿನಲ್ಲಿ ನೌಸ್ ಎಂಬ ಹಳದಿ ಬಣ್ಣದ ರಿಟ್ರೀವರ್‌ಗೂ ಬೆಲ್ ಎಂಬ ನೀರಿನ ಸ್ಪ್ಯಾನಿಯಲ್‌ಗೂ ಮರಿಗಳಾದವು. ಅವುಗಳಲ್ಲಿ ಮೂರಕ್ಕೆ ಹೂಗಳ ಹೆಸರು: ಕ್ರೋಕಸ್, ಕೌಸ್ಲಿಪ್, ಪ್ರಿಮ್‌ರೋಸ್. ನಮ್ಮವಳಿಗೆ ಸಂಪಿಗೆ ಎಂದು ಹೆಸರಿಟ್ಟದ್ದು ಈ ಕಥೆ ಓದಿದ ಮೇಲೆಯೇ. ರಷ್ಯಾದ ಸರ್ಕಸ್ಸಿನ ನಾಯಿಗಳಿಂದ ಈ ತಳಿ ಬಂದಿತೆಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಆ ಎಸ್ಟೇಟಿನ ದಾಖಲೆ ಪುಸ್ತಕದ ವಿವರಗಳು 1952ರಲ್ಲಿ ಅಚ್ಚಾದ ಮೇಲೆ ಅದು ಬರಿ ಕಥೆ ಎಂದು ಗೊತ್ತಾಯಿತು.

ಬೇಟೆಗಾರನ ಗುಂಡಿಗೆ ಹಕ್ಕಿ ಕೆರೆಗೋ ಜೌಗಿಗೋ ಬೀಳುತ್ತದೆ. ನಾಯಿ ಈಜಿ ಹೋಗಿ ಅದನ್ನು ಹುಡುಕಬೇಕು, ಮಾಂಸ ಕೆಡದಂತೆ ಮೆತ್ತಗೆ ಕಚ್ಚಿ ತಂದು ಯಜಮಾನನ ಕೈಗೆ ಒಪ್ಪಿಸಬೇಕು. ಈ ಕೆಲಸಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಜೀವ ಇದು. ಹೊತ್ತು ತರುವುದು ಅದರ ಕಸುಬು. ಕೈಗೆ ಒಪ್ಪಿಸಲು ಎದುರಿಗೊಬ್ಬ ಮನುಷ್ಯ ಇಲ್ಲದಿದ್ದರೆ ಆ ಕಸುಬಿಗೆ ಅರ್ಥವೇ ಇಲ್ಲ. ಗೂಡಿನೊಳಗೆ ಅದು ಯಾರಿಗೆ ಏನನ್ನು ತಂದು ಕೊಡಬೇಕು?

ಹಾಗಾಗಿ ಬೈರಾಸು ಕಚ್ಚಿಕೊಂಡಾಗ ಅಟ್ಟಿಸಿಕೊಂಡು ಹೋಗಬೇಡಿ. ಅಟ್ಟಿಸಿದರೆ ಅದಕ್ಕೆ ಓಟದ ಆಟ, ಬೆದರಿಸಿದರೆ ಬಾಯಲ್ಲಿದ್ದುದನ್ನು ನುಂಗಿಬಿಡುವ ಅಪಾಯ. ಒಂದು ಚೂರು ತಿಂಡಿ ತೋರಿಸಿ ‘ಕೊಡು’ ಎನ್ನಿ, ಕೊಟ್ಟಾಗ ತಲೆ ಸವರಿ. ಅದಕ್ಕಿಂತ ಒಳ್ಳೆಯದು, ಕೆಲಸ ಕೊಡಿ. ಬೆಳಿಗ್ಗೆ ಗೇಟಿನ ಬಳಿ ಬೀಳುವ ಪೇಪರ್ ತರುವುದು ನಮ್ಮಲ್ಲಿ ಸಂಪಿಗೆಯದೇ ಕೆಲಸ. ಅಪ್ಪ ತೋಟಕ್ಕೆ ಹೋದರೆ ಬಿದ್ದ ಹಾಳೆಯ ಒಂದು ತುದಿ ಹಿಡಿದು ಎಳೆದುಕೊಂಡು ಬರುತ್ತಾಳೆ. ನೀರು ಹರಿಯುವ ಕಣಿ ದಾಟುವಾಗ ಸೋಗೆ ಎಲ್ಲಾದರೂ ಸಿಕ್ಕಿಕೊಂಡರೆ ನಿಂತು ಅಪ್ಪನ ಮುಖ ನೋಡುತ್ತಾಳೆ, ಬಿಟ್ಟು ಮಾತ್ರ ಬರುವುದಿಲ್ಲ.

ಇನ್ನು ಮಡಿಯ ಮಾತು. ನಾಯಿಯನ್ನು ಜಗಲಿ ಹತ್ತಿಸುವುದೇ ಎಂದು ಕೇಳುವ ಹಿರಿಯರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಅವರ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಅಜ್ಜಿಯೂ ಅಡಿಗೆಮನೆ, ದೇವರ ಕೋಣೆ ಎರಡಕ್ಕೂ ಬರಕೂಡದೆಂದು ಗೆರೆ ಎಳೆದಿದ್ದರು. ಆ ಗೆರೆಯನ್ನು ಸಂಪಿಗೆ ಕಲಿತಳು. ಅಜ್ಜಿ ಹೆರೆಮಣೆಯಲ್ಲಿ ಕುಳಿತು ಕಾಯಿ ಹೆರೆಯುವ ಸದ್ದು ಮನೆಯ ಯಾವ ಮೂಲೆಯಲ್ಲಿದ್ದರೂ ಅವಳಿಗೆ ಕೇಳುತ್ತದೆ. ಬಂದು ಅಡಿಗೆಮನೆಯ ಹೊಸಿಲಿನ ಈಚೆ ಮಲಗಿ, ಗಲ್ಲವನ್ನು ಹೊಸಿಲಿನ ಮೇಲೆ ಇಡುತ್ತಾಳೆ. ಪಾದ ಈಚೆ, ಮೂಗು ಆಚೆ. ಕಣ್ಣು ಮಾತ್ರ ಅಜ್ಜಿಯ ಕೈ ಹೋದಲ್ಲೆಲ್ಲ ಹೋಗುತ್ತದೆ. ಕಡೆಗೊಂದು ಚೂರು ಕಾಯಿ ಹೊಸಿಲು ದಾಟಿ ಬಂದೇ ಬರುತ್ತದೆ, ಎಸೆಯುವವರು ಅಜ್ಜಿಯೇ. ಶುದ್ಧಿಗೆ ಕುಂದು ಬಾರದ ಹಾಗೆ ನಾಯಿಗೂ ಮನೆಯಲ್ಲಿ ಜಾಗ ಮಾಡಿಕೊಡಬಹುದು. ಎಲ್ಲಿಯವರೆಗೆ ಎಂದು ತಾಳ್ಮೆಯಿಂದ ಕಲಿಸಬೇಕು, ಮನೆಯ ಎಲ್ಲರೂ ಒಂದೇ ನಿಯಮ ಪಾಲಿಸಬೇಕು. (ಕಾಯಿ ಒಂದು ಚೂರು ಸಾಕು. ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ.)

ಒರಗುವುದು ಇವುಗಳ ಇನ್ನೊಂದು ಅಭ್ಯಾಸ. ನಿಂತವರ ಮೊಣಕಾಲಿಗೆ ಬೆನ್ನು ಕೊಟ್ಟು ಇಡೀ ಭಾರ ಹಾಕುತ್ತವೆ. ಕೂತವರ ಪಾದದ ಮೇಲೆಯೇ ಕೂರುತ್ತವೆ. ನಮ್ಮ ಜಿಲ್ಲೆಯಲ್ಲಿ ಒಂದು ಮನೆಯ ಅಂಗಳದಲ್ಲೇ ಕನ್ನಡ, ತುಳು, ಮಲಯಾಳ ಮೂರೂ ಕೇಳಿಸುತ್ತವಲ್ಲ, ಸಂಪಿಗೆಗೆ ಮೂರೂ ತಿಳಿಯುತ್ತವೆ. ‘ಬಾ’ ಎಂದರೂ ಬರುತ್ತಾಳೆ, ತೋಟದ ಕೆಲಸದವರು ‘ಬಲ’ ಎಂದರೂ ಬರುತ್ತಾಳೆ, ಪಕ್ಕದ ಮನೆಯವರು ‘ವಾ’ ಎಂದರೂ ಬರುತ್ತಾಳೆ. ಬಂದವಳು ಒರಗುವುದು ಮಾತ್ರ ಎಲ್ಲರಿಗೂ ಒಂದೇ ರೀತಿ.

ಆದರೆ ಪ್ರೀತಿಯಿಂದ ಸಾಕುವುದೆಂದರೆ ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಳಿಯ ನಾಡಿನ ನೀರಿಗೆ ಇಳಿಯಲು ಹುಟ್ಟಿದ ಮೈ ಇದು. ಹೊರಗೆ ನೀರು ನಿಲ್ಲದ ಉದ್ದ ಕೂದಲು, ಒಳಗೆ ದಟ್ಟವಾದ ಮೆತ್ತನೆಯ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ತೇಕಿ ತೇಕಿ, ನಾಲಿಗೆಯ ತೇವ ಆರಿಸಿಕೊಂಡು ಕಾವು ಕಳೆದುಕೊಳ್ಳಬೇಕು. ಕರಾವಳಿಯ ಗಾಳಿಯಲ್ಲಿ ತೇವಾಂಶ ತುಂಬಿರುವಾಗ ಆ ತೇವ ಆರುವುದೇ ಕಷ್ಟ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ತಗಡಿನ ಮಾಡಿನ ಗೂಡು ಅದಕ್ಕೆ ಜೀವಕ್ಕೇ ಕುತ್ತು. ಸಂಪಿಗೆ ಬೇಸಿಗೆಯ ಹಗಲನ್ನು ಚಾವಡಿಯ ಕೆಂಪು ನೆಲದ ಮೇಲೆ ಹಿಂಗಾಲು ಹಿಂದಕ್ಕೆ ಚಾಚಿ, ಹೊಟ್ಟೆ ನೆಲಕ್ಕಂಟಿಸಿ ಕಪ್ಪೆಯಂತೆ ಮಲಗಿ ಕಳೆಯುತ್ತಾಳೆ. ಸಂಜೆ, ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ಕೆರೆಗೆ ಇಳಿಯುತ್ತಾಳೆ, ಮೇಲೆ ಬರಲು ಕರೆದರೆ ಕಿವಿ ಕೇಳಿಸದವಳ ಹಾಗೆ ಇನ್ನೊಂದು ಸುತ್ತು ಈಜುತ್ತಾಳೆ.

ಸೆಕೆ ಎಂದು ಕೂದಲು ಬೋಳಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಕೂದಲೇ ಬಿಸಿಲಿನ ಸುಡುವಿಕೆಯಿಂದ ಚರ್ಮವನ್ನು ಕಾಯುತ್ತದೆ. ದಿನವೂ ಬಾಚಿ, ಉದುರಿದ ಒಳಕೂದಲು ತೆಗೆದರೆ ಸಾಕು. ಉದುರುವುದು ಧಾರಾಳ ಉದುರುತ್ತದೆ, ಅದನ್ನು ಸಹಿಸಲಾಗದವರು ಬೇರೆ ತಳಿ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು. ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುವ ಜಿಲ್ಲೆ ನಮ್ಮದು. ಒಳಕೂದಲು ಒದ್ದೆಯಾಗಿಯೇ ಉಳಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡದೆ ಸೋಂಕಾಗುತ್ತದೆ. ಕೆರೆಯಿಂದ ಬಂದಾಗಲೂ ತೋಟದಿಂದ ಬಂದಾಗಲೂ ಕಿವಿ ಒರೆಸಿ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ನೋಡಿ. ಉಣ್ಣಿಜ್ವರ ನಮ್ಮ ಕಡೆಯ ನಾಯಿಗಳನ್ನು ಬಹಳ ಕಾಡುತ್ತದೆ. ನಿಂತ ನೀರಿಗೆ ಇಳಿಯುವ ನಾಯಿಗೆ ಇಲಿಜ್ವರದ ಲಸಿಕೆಯನ್ನೂ ತಪ್ಪಿಸಬೇಡಿ. ಹುಚ್ಚುನಾಯಿ ರೋಗದ ಲಸಿಕೆ, ಪಂಚಾಯತಿನ ಲೈಸೆನ್ಸ್ ಹೇಗೂ ಕಡ್ಡಾಯ.

ಅಡಿಕೆ ಬೆಳೆಗಾರರ ಮನೆಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಮಾಡಲು ಅಡಿಕೆ 40-45 ದಿನ ಅಂಗಳದಲ್ಲಿ ಒಣಗುತ್ತದೆ. ಕಂಡದ್ದನ್ನೆಲ್ಲ ಬಾಯಿಗೆ ಹಾಕಿ ನೋಡುವ ಗೋಲ್ಡನ್ ಮರಿಗೆ ಅದು ಸಾವಿರಾರು ಚೆಂಡುಗಳ ಮೈದಾನ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಹೊರಹಾಕಲು ಔಷಧವಾಗಿ ಕೊಡುತ್ತಿದ್ದರು. ಅದರ ಪ್ರಭಾವ ಎಷ್ಟು ಕಠಿಣವೆಂದರೆ ನಾಯಿಗೆ ಜೊಲ್ಲು ಸುರಿದು, ವಾಂತಿಯಾಗಿ, ಭೇದಿ ಹತ್ತುತ್ತಿತ್ತು. ಈಗ ಅದಕ್ಕಿಂತ ಸುರಕ್ಷಿತವಾದ ಮದ್ದುಗಳಿವೆ. ಇಡೀ ಅಡಿಕೆ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಮರಿ ಇರುವ ಮನೆಯಲ್ಲಿ ಒಣಹಾಕಿದ ಅಡಿಕೆಗೆ ಬಲೆಯ ಬೇಲಿ ಹಾಕಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ನಾಯಿ ಮನೆಯೊಳಗೇ ಇರಲಿ, ಮೈಲುತುತ್ತು ಕಲಸಿದ ಡ್ರಮ್ಮಿನ ನೀರು ಅದಕ್ಕೆ ವಿಷ.

ತೋಟಕ್ಕೆ ಕಾವಲು ಬೇಕು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಊರಿನ ನಾಯಿಯ ಮರಿಯೊಂದನ್ನು ತಂದು ಚೆನ್ನಾಗಿ ಸಾಕಿ. ಅದಕ್ಕೆ ನಮ್ಮ ಮಳೆ ಗೊತ್ತು, ಸೆಕೆ ಗೊತ್ತು, ಅಪರಿಚಿತರ ಹೆಜ್ಜೆಯೂ ಗೊತ್ತು. ಗೋಲ್ಡನ್ ಅಪರಿಚಿತರಿಗೂ ಚಪ್ಪಲಿ ತಂದು ತೋರಿಸುತ್ತದೆ. ಅದರ ಸ್ವಭಾವವನ್ನು ದೋಷವೆಂದು ಕರೆಯುವುದು ಅನ್ಯಾಯ.

ಮರಿ ಕೊಳ್ಳಲು ಹೊರಟವರಿಗೆ ಕೊನೆಯದಾಗಿ ಒಂದೆರಡು ಮಾತು. ದೊಡ್ಡದಾದಾಗ ಇದರ ತೂಕ 25ರಿಂದ 34 ಕಿಲೋ. ಆಯಸ್ಸು ಸಾಮಾನ್ಯವಾಗಿ 10-12 ವರ್ಷ. ಸೊಂಟದ ಕೀಲು ಸರಿಯಾಗಿ ಕೂಡದಿರುವ ತೊಂದರೆ ಈ ತಳಿಯಲ್ಲಿ ವಂಶದಿಂದ ಬರುತ್ತದೆ, ನುಣುಪಾದ ಟೈಲ್ಸ್ ನೆಲದಲ್ಲಿ ಜಾರಿ ಜಾರಿ ಅದು ಹೆಚ್ಚುತ್ತದೆ. ಕ್ಯಾನ್ಸರ್ ಕೂಡ ಇವುಗಳಲ್ಲಿ ಹೆಚ್ಚು. ಅದರ ಕಾರಣ ಹುಡುಕಲೆಂದೇ ಅಮೆರಿಕದಲ್ಲಿ 2012ರಿಂದ 3000ಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಅವುಗಳ ಜೀವಮಾನವಿಡೀ ಗಮನಿಸುವ ಅಧ್ಯಯನ ಶುರುವಾಯಿತು. ಆದ್ದರಿಂದ ಫೋಟೋ ನೋಡಿ ಮುಂಗಡ ಕಳುಹಿಸಬೇಡಿ. ಹೋಗಿ ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಅದರ ಮತ್ತು ಗಂಡಿನ ಸೊಂಟದ ಎಕ್ಸ್‌ರೇ ತೋರಿಸಿ ಎಂದು ಕೇಳಿ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ಕೊಡಲು ಬಂದರೆ ಬೇಡವೆನ್ನಿ. ನಿಮ್ಮ ಮನೆಯ ನಾಯಿಗೆ ನೀವು ಯಾವ ಕೆಲಸ ಕಲಿಸಿದ್ದೀರಿ ಎಂಬುದನ್ನು ನನಗೆ ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ.